ಹಾರದ ತೋಟೆಗಳ ಲೆಕ್ಕ

2019ರ ಕೈಲ್ ಪೊಳ್ದ್, ನಮ್ಮ ಕೊಡಗಿನ ಆಯುಧಗಳ ಹಬ್ಬ. ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯ ಹಿಂದಿನ ಗದ್ದೆ ಬದಿಯಲ್ಲಿ ಇಡೀ ಒಕ್ಕ, ಅಂದರೆ ಇಡೀ ಕುಲ, ಸೇರಿತ್ತು. ಮರದ ತುದಿಗೆ ತೆಂಗಿನಕಾಯಿ ಕಟ್ಟಿದ್ದರು. ನನ್ನ ಸರದಿ ಬಂತು. ಜೋಡುನಳಿಕೆ ಕೋವಿ ಎತ್ತಿ, ಕೆನ್ನೆಗೆ ಒತ್ತಿ, ಉಸಿರು ಹಿಡಿದು ಟ್ರಿಗರ್ ಎಳೆದೆ. ‘ಟಿಕ್’ ಅಂತು. ಅಷ್ಟೇ. ಎರಡನೇ ನಳಿಕೆಯೂ ‘ಟಿಕ್’. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಸರದಿ ಅತ್ತಿಗೆಯದು. ಅವರು ತಮ್ಮ ಡಬ್ಬಿಯ ತೋಟೆ ಹಾಕಿ ಒಂದೇ ಈಡಿಗೆ ಕಾಯಿ ಒಡೆದುಬಿಟ್ಟರು.

ಆ ದಿನ ನನ್ನ ಡಬ್ಬಿಯಿಂದ ತೆಗೆದ ಹತ್ತು ತೋಟೆಗಳಲ್ಲಿ ನಾಲ್ಕು ಹಾರಲಿಲ್ಲ.

ತೋಟೆ ಅಂದರೆ ಕಾಟ್ರಿಜ್. ಕಾಫಿ ತೋಟಕ್ಕೂ ಇದಕ್ಕೂ ಒಂದು ಎತ್ವದ ವ್ಯತ್ಯಾಸ, ನಮಗೆ ಎರಡೂ ಬೇಕು. ಕೊಡಗಿನವರಿಗೂ ಕೋವಿಗೂ ಏನು ನಂಟು ಅಂತ ಹೊರಗಿನವರು ಕೇಳುತ್ತಾರೆ. ಕೋವಿ ಇಟ್ಟುಕೊಳ್ಳಲು ನಮಗಿರುವ ಲೈಸೆನ್ಸಿನ ವಿನಾಯಿತಿ ಬ್ರಿಟಿಷರ ಕಾಲದಿಂದ, 1861ರಿಂದ ಬಂದದ್ದು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹಾರಬೇಕು, ಮನೆಯಲ್ಲಿ ಸಾವಾದರೂ ಹಾರಬೇಕು. ಹೀಗಾಗಿ ತೋಟೆ ಕೈಕೊಟ್ಟರೆ ನಮಗೆ ಅದು ಆಟದಲ್ಲಿ ಸೋತಷ್ಟು ಹಗುರದ ಮಾತಲ್ಲ.

ಆ ದಿನ ಪಂದಿ ಕರಿ, ಕಡಂಬಿಟ್ಟಿನ ಜೊತೆ ಎಲ್ಲರ ಬಾಯಲ್ಲೂ ಒಂದೇ ಮಾತು. ಈಗಿನ ತೋಟೆ ಸರಿಯಿಲ್ಲ, ಫ್ಯಾಕ್ಟರಿಯವರು ನೋಡೋದೇ ಇಲ್ಲ, ಸುಮ್ನೆ ತುಂಬಿ ಕಳಿಸ್ತಾರೆ. ಮಾವ ತಮ್ಮ ಹಳೇ ಕತೆ ಶುರು ಮಾಡಿದರು. ಅವರ ಅಪ್ಪನ ಕಾಲದಲ್ಲಿ ಇಂಗ್ಲೆಂಡಿನ ಈಲಿ ತೋಟೆ ಬರುತ್ತಿತ್ತಂತೆ. ಕಾಗದದ ಕೊಳವೆ, ಹಿಂದೆ ಹಿತ್ತಾಳೆ ಟೋಪಿ. “ಒಂದು ಸಲಾನೂ ಮೋಸ ಮಾಡ್ಲಿಲ್ಲ ಕಣೋ. ಈಗಿಂದು ನೋಡು, ಪ್ಲಾಸ್ಟಿಕ್!”

ನನಗೂ ಹಾಗೇ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅತ್ತಿಗೆಯ ತೋಟೆಯೂ ನನ್ನದೂ ಒಂದೇ ಅಂಗಡಿಯವು, ಒಂದೇ ಕಂಪನಿಯವು. ಡಬ್ಬಿ ತಿರುಗಿಸಿ ನೋಡಿದರೆ ಲಾಟ್ ನಂಬರೂ, ಅಂದರೆ ಒಟ್ಟಿಗೆ ತಯಾರಾದ ಮಾಲಿನ ಗುರುತೂ, ಒಂದೇ. ಅವರವು ಹಾರಿದವು, ನನ್ನವು ಹಾರಲಿಲ್ಲ. ಅದು ತಲೆಯಲ್ಲಿ ಹುಳ ಬಿಟ್ಟಿತು. ಮರುದಿನ ಕಾಫಿ ಪಿಕ್ಕಿಂಗ್ ಲೆಕ್ಕ ಬರೆಯುವಂಥದ್ದೇ ಒಂದು ಉದ್ದನೆಯ ಪುಸ್ತಕ ತಂದೆ.

ಮೊದಲು ಮಾಡಿದ್ದು ಏನೂ ಖರ್ಚಿಲ್ಲದ ಕೆಲಸ. ಹಾರದ ನಾಲ್ಕನ್ನೂ ಬಿಸಿಲಿಗೆ ಹಿಡಿದು ಹಿಂಬದಿ ನೋಡಿದೆ. ತೋಟೆಯ ಹಿಂದೆ ನಡುವೆ ಒಂದು ಸಣ್ಣ ಕೇಪು ಇರುತ್ತದೆ, ಅಲ್ವಾ. ಕೋವಿಯ ಮೊಳೆ ಅದಕ್ಕೆ ಬಡಿದಾಗ ಒಂದು ಗುಳಿ ಬೀಳುತ್ತದೆ. ಎರಡು ತೋಟೆಗಳಲ್ಲಿ ಗುಳಿ ಚೆನ್ನಾಗಿ ಆಳಕ್ಕಿತ್ತು, ಬೇಳೆ ಕೂರುವಷ್ಟು. ಇನ್ನೆರಡರಲ್ಲಿ ಉಗುರಿನಿಂದ ಗೀರಿದ ಹಾಗೆ ಒಂದು ಚುಕ್ಕೆ, ಅದೂ ಒಂದು ಬದಿಗೆ. ಆ ಎರಡೂ ಎಡ ನಳಿಕೆಯವು. ಅವನ್ನು ಅಣ್ಣನ ಕೋವಿಗೆ ಹಾಕಿ ಗುಡ್ಡದ ಬುಡಕ್ಕೆ ಹೊಡೆದರೆ ಎರಡೂ ಢಂ ಅಂತ ಹಾರಿದವು.

ಅಲ್ಲಿಗೆ ನಾಲ್ಕರಲ್ಲಿ ಎರಡು ತೋಟೆಯ ತಪ್ಪೇ ಅಲ್ಲ. ಕೋವಿ ಬಿಚ್ಚಿಸಿ ನೋಡಿದಾಗ ಎಡಗಡೆಯ ಸ್ಪ್ರಿಂಗ್ ಸೋತಿತ್ತು. ಅದಕ್ಕಿಂತ ಜಾಸ್ತಿ ನಾಚಿಕೆಯಾಗಿದ್ದು ಇನ್ನೊಂದಕ್ಕೆ. ವರ್ಷಗಟ್ಟಲೆ ನಾನೇ ಸುರಿದ ಎಣ್ಣೆ ಒಳಗೆ ಗಟ್ಟಿಯಾಗಿ ಬೆಲ್ಲದ ಪಾಕದಂತೆ ಕೂತಿತ್ತು. ಕೋವಿಗೆ ಎಣ್ಣೆ ಜಾಸ್ತಿ ಹಾಕಿದಷ್ಟೂ ಒಳ್ಳೇದು ಅಂತ ನಂಬಿಕೊಂಡವನು ನಾನು. ರಿಪೇರಿಯವನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, “ಒಂದು ತೊಟ್ಟು ಸಾಕು ಸಾರ್, ಇದೇನು ಹಪ್ಪಳ ಕರಿಯೋದಾ?” ಅಂದ.

ಆಳದ ಗುಳಿ ಬಿದ್ದೂ ಹಾರದ ಎರಡು ಉಳಿದವು. ಅವು ನಿಜವಾಗಿ ಸತ್ತ ತೋಟೆಗಳು. ಸಾಯಿಸಿದ್ದು ಯಾರು?

ನಮ್ಮದು ಶ್ರೀಮಂಗಲದ ಕಡೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಒಲೆ ಪಕ್ಕ ಇಡದಿದ್ದರೆ ಹತ್ತುವುದಿಲ್ಲ. 2018, 2019ರ ಆಗಸ್ಟ್ ಮಳೆಯ ಬಗ್ಗೆ ಕೊಡಗಿನವರಿಗೆ ನಾನು ಹೇಳಬೇಕಿಲ್ಲ. ಪದ್ಧತಿ ಪ್ರಕಾರ ನಾಟಿ ಕೆಲಸದ ಹೊತ್ತಿನಲ್ಲಿ ಕೋವಿ, ಕತ್ತಿ ಎಲ್ಲ ಕನ್ನಿಕೋಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಇರುತ್ತವೆ. ಕಕ್ಕಡ ತಿಂಗಳ ಮಳೆ ಪೂರ್ತಿ ಕಳೆದು, ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್‌ಗೆ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡಿ ಹೊರಗೆ ತೆಗೆಯುತ್ತೇವೆ. ಯೋಚನೆ ಮಾಡಿ. ವರ್ಷದಲ್ಲಿ ತೋಟೆ ಅತಿ ಹೆಚ್ಚು ತೇವ ಕುಡಿದಿರುವ ವಾರ ಅದು. ಅದೇ ವಾರ ಇಡೀ ಊರಿನ ಮುಂದೆ ಅದಕ್ಕೆ ಪರೀಕ್ಷೆ. ಫೆಬ್ರವರಿಯಲ್ಲಿ ಹಬ್ಬ ಇದ್ದಿದ್ದರೆ ತೋಟೆಗೆ ಇಷ್ಟು ಕೆಟ್ಟ ಹೆಸರು ಬರುತ್ತಿತ್ತೋ ಇಲ್ಲವೋ.

ಅತ್ತಿಗೆಯ ಡಬ್ಬಿ ಎಲ್ಲಿತ್ತು ಅಂತ ಕೇಳಿದೆ. ಹಾರ್ಲಿಕ್ಸ್ ಬಾಟಲಿಯಲ್ಲಿ, ಮುಚ್ಚಳ ಬಿಗಿ ಮಾಡಿ, ಏಲಕ್ಕಿ ಇಡುವ ಕಪಾಟಿನಲ್ಲಿ. ನನ್ನದು ಹೊರಗೋಡೆಗೆ ಒತ್ತಿಕೊಂಡ ಬೀರುವಿನ ಕೆಳಗಿನ ಖಾನೆಯಲ್ಲಿ, ಅರ್ಧ ತೆರೆದ ರಟ್ಟಿನ ಡಬ್ಬಿಯಲ್ಲಿ.

2020ರ ಮೇನಲ್ಲಿ ಇದನ್ನೇ ಪರೀಕ್ಷೆ ಮಾಡಿದೆ. ಒಂದೇ ಲಾಟಿನ 50 ತೋಟೆ. 25ನ್ನು ಹಳೇ ಬೀರುವಿನಲ್ಲೇ ಬಿಟ್ಟೆ. ಉಳಿದ 25ನ್ನು ರಬ್ಬರ್ ಅಂಚಿನ ಸ್ಟೀಲ್ ಡಬ್ಬಿಗೆ ಹಾಕಿದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ‘ತಿನ್ನಬೇಡಿ’ ಅಂತ ಬರೆದ ಸಣ್ಣ ಪೊಟ್ಟಣ ಬರುತ್ತದಲ್ಲ, ಸಿಲಿಕಾ ಜೆಲ್, ಅಂಥ ನಾಲ್ಕನ್ನು ಒಳಗಿಟ್ಟೆ. ಸೆಪ್ಟೆಂಬರ್‌ನಲ್ಲಿ ತೆಗೆದೆ. ಸ್ಟೀಲ್ ಡಬ್ಬಿಯವು ಅಂಗಡಿಯಿಂದ ಆಗ ತಂದ ಹಾಗಿದ್ದವು, ಎಲ್ಲವೂ ಹಾರಿದವು. ಬೀರುವಿನವುಗಳಲ್ಲಿ ಮೂರು ಹಾರಲಿಲ್ಲ. ಎರಡರ ಸದ್ದು ಮಂದವಾಗಿತ್ತು, ಒದೆತವೂ ಕಡಿಮೆ.

ಪ್ಲಾಸ್ಟಿಕ್ ಕೊಳವೆಯೊಳಗೆ ನೀರು ಹೇಗೆ ಹೋಯಿತು ಅಂತ ನನಗೂ ಅನುಮಾನ ಇತ್ತು. ತೋಟೆಯ ಮೂತಿಯನ್ನು ಹೂವಿನ ಮೊಗ್ಗಿನ ಹಾಗೆ ಆರು ಅಥವಾ ಎಂಟು ಮಡಿಕೆ ಮಾಡಿ ಮುಚ್ಚಿರುತ್ತಾರೆ. ನಡುವೆ ಸೂಜಿಮೊನೆಯಷ್ಟು ಸಂದು ಉಳಿಯುತ್ತದೆ. ಕೇಪಿನ ಸುತ್ತಲೂ ಸಂದು ಇರುತ್ತದೆ. ನೀರು ಬೇಡ, ಮೂರು ತಿಂಗಳ ಹಸಿ ಗಾಳಿಯೇ ಸಾಕು. ಮದ್ದು ತೇವ ಎಳೆದುಕೊಂಡರೆ ನಿಧಾನ ಉರಿಯುತ್ತದೆ. ಕೇಪಿನೊಳಗೆ ಇರುವುದು ಚಿಟಿಕೆಗಿಂತ ಕಡಿಮೆ ಮದ್ದು, ಅದು ಕೆಟ್ಟರೆ ಮುಗಿಯಿತು.

ಹಿಂಬದಿಯ ಹಿತ್ತಾಳೆಯ ವಿಷಯ ಇದಕ್ಕಿಂತ ಮಜ. ಮಗನ ಆಟದ ಅಯಸ್ಕಾಂತ ಹಿಡಿದರೆ ಕೆಲವು ಟಕ್ಕನೆ ಅಂಟಿಕೊಂಡವು! ಹಿತ್ತಾಳೆಗೆ ಅಯಸ್ಕಾಂತ ಅಂಟುವುದುಂಟೇ? ಅದು ಕಬ್ಬಿಣದ ತಗಡು, ಮೇಲೆ ಹಿತ್ತಾಳೆ ಲೇಪ ಅಷ್ಟೇ. ಲೇಪ ಗೀರಿದ ಕಡೆ ತುಕ್ಕು ಏಳುತ್ತದೆ. ನನ್ನ ಹತ್ತಿರ ಇದ್ದ ಒಂದು ಹಳೇ ಪೂರ್ತಿ ಹಿತ್ತಾಳೆಯದಕ್ಕೆ ಹಸಿರು ಕಿಲುಬು ಹಿಡಿದಿತ್ತು, ಒರೆಸಿದರೆ ಹೋಯಿತು. ತುಕ್ಕು ಹಾಗೆ ಹೋಗುವುದಿಲ್ಲ, ನಳಿಕೆಯೊಳಗೆ ಕಚ್ಚಿಕೊಂಡು ಕೂರುತ್ತದೆ. ಇಲ್ಲಿ ಮಾವನ ಮಾತಿಗೆ ನಾನು ತಲೆಬಾಗುತ್ತೇನೆ. ಲೋಹದಲ್ಲಿ ಉಳಿತಾಯ ಮಾಡಿದ್ದಾರೆ. ಒಣ ಊರಿನಲ್ಲಿ ಅದು ಗೊತ್ತಾಗದು, ನಮ್ಮಂಥ ಊರಿನಲ್ಲಿ ಗೊತ್ತಾಗುತ್ತದೆ.

ಆದರೆ ಅವರ ಕಾಗದದ ತೋಟೆ? ಅಟ್ಟದ ಮೇಲೆ ಅಜ್ಜನ ಕಾಲದ ಆರು ಸಿಕ್ಕಿದವು. ಹಾರಿಸುವ ಧೈರ್ಯ ಮಾಡಲಿಲ್ಲ, ಸುಮ್ನೆ ನಳಿಕೆಗೆ ಹೋಗುತ್ತದಾ ನೋಡಿದೆ. ಆರರಲ್ಲಿ ನಾಲ್ಕು ಅರ್ಧಕ್ಕೇ ನಿಂತವು. ಕಾಗದ ಊದಿತ್ತು. ತೋರಿಸಿದಾಗ ಮಾವನೇ ನೆನಪು ಮಾಡಿಕೊಂಡರು, ಮಳೆಗಾಲದಲ್ಲಿ ಅವರಪ್ಪ ತೋಟೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಊದಿದ್ದನ್ನು ಬೇರೆ ತೆಗೆದಿಡುತ್ತಿದ್ದರು. ಅಂದರೆ ಆಗಲೂ ಕೈಕೊಡುತ್ತಿದ್ದವು. ಕೋವಿಗೆ ಹೋಗುವ ಮೊದಲೇ ಕೈಕೊಡುತ್ತಿದ್ದರಿಂದ ‘ಹಾರದ ತೋಟೆ’ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. (ಒಲೆ ಮೇಲೆ ಇಡುವ ಉಪಾಯ ಇವತ್ತು ಯಾರೂ ಮಾಡಬೇಡಿ. ಬಿಸಿಯೂ ಮದ್ದನ್ನು ಕೆಡಿಸುತ್ತದೆ, ಬೆಂಕಿಯ ಮಾತು ಬೇರೆ.)

ಇನ್ನೊಂದು ನೆನಪೂ ಬಂತು. ಈಡು ಹೊಡೆದ ದಿನ ಸಂಜೆ ಅಜ್ಜ ನಳಿಕೆಗೆ ಕುದಿಯುವ ನೀರು ಹೊಯ್ಯದೆ ಊಟಕ್ಕೆ ಕೂರುತ್ತಿರಲಿಲ್ಲ. ಯಾಕೆ ಅಂತ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ. ಆ ಕಾಲದ ಕೇಪುಗಳಲ್ಲಿ ಇರುತ್ತಿದ್ದ ಕ್ಲೋರೇಟ್ ಉರಿದ ಮೇಲೆ ನಳಿಕೆಯಲ್ಲಿ ಉಪ್ಪು ಬಿಡುತ್ತಿತ್ತು. ಉಪ್ಪು ತೇವ ಎಳೆದು ಒಂದೇ ರಾತ್ರಿಯಲ್ಲಿ ಉಕ್ಕು ತಿನ್ನುತ್ತಿತ್ತು. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರೇ ಬೇಕು. ಅಜ್ಜನ ಕೋವಿಯ ನಳಿಕೆಯೊಳಗೆ ಈಗಲೂ ಸಿಡುಬಿನ ಕಲೆಯಂಥ ಗುಳಿಗಳಿವೆ. ಈಗಿನ ಕೇಪುಗಳಲ್ಲಿ ಆ ಕಾಟ ಇಲ್ಲ. ಹಳೇ ತೋಟೆಯನ್ನು ಹೊಗಳುವಾಗ ಈ ಕುದಿಯುವ ನೀರಿನ ಪಾತ್ರೆ ಯಾರಿಗೂ ನೆನಪಾಗುವುದಿಲ್ಲ.

ಮಾವನ ಎರಡನೇ ದೂರು, ಈಗಿನ ತೋಟೆ ಒದೆಯುತ್ತೆ ಅಂತ. ಭುಜ ನೀಲಿಯಾಗಿದ್ದನ್ನು ಅಂಗಿ ಬಿಚ್ಚಿ ತೋರಿಸಿದ್ದರು. ಇದರ ಮೂಲ ಹುಡುಕಿದ್ದು ನನಗೆ ಬಹಳ ಸಮಾಧಾನ ಕೊಟ್ಟ ಕೆಲಸ, ಯಾಕೆಂದರೆ ಇದು ಅಪಾಯದ್ದು. ಅವರದು ಹಳೇ ಇಂಗ್ಲಿಷ್ ಕೋವಿ, ಅದರ ಕೋಣೆ, ಅಂದರೆ ನಳಿಕೆಯಲ್ಲಿ ತೋಟೆ ಕೂರುವ ಜಾಗ, 65 ಮಿಲಿಮೀಟರ್ ತೋಟೆಗೆ ಮಾಡಿದ್ದು. ಅಂಗಡಿಯಿಂದ ತಂದದ್ದು 70ರದು. ಆದರೂ ಒಳಗೆ ಸಲೀಸಾಗಿ ಕೂರುತ್ತದೆ! ಮೂತಿ ಮಡಚಿರುವಾಗ ತೋಟೆ ಗಿಡ್ಡ. ಡಬ್ಬಿಯ ಮೇಲೆ ಬರೆದಿರುವುದು ಹಾರಿದ ಮೇಲೆ ಮೂತಿ ಬಿಚ್ಚಿಕೊಂಡಾಗಿನ ಉದ್ದ. ಗಿಡ್ಡ ಕೋಣೆಯಲ್ಲಿ ಆ ಮೂತಿ ಪೂರ್ತಿ ಬಿಚ್ಚಲು ಜಾಗವಿಲ್ಲದೆ ದಾರಿಗೆ ಅಡ್ಡ ಬರುತ್ತದೆ, ಒಳಗೆ ಒತ್ತಡ ಏರುತ್ತದೆ. ಭುಜ ನೀಲಿಯಾಗುವುದು ಹಾಗೆ. ನಳಿಕೆ ಸೀಳುವುದೂ ಹಾಗೆಯೇ. ಕೋವಿಯ ಅಡಿಯ ಗುರುತು ಭೂತಗನ್ನಡಿಯಲ್ಲಿ ಓದಿ ತೋರಿಸಿದ ಮೇಲೆ ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ತೂಕ ನೋಡುವ ಹುಚ್ಚೂ ಹತ್ತಿತ್ತು. ಕರಿಮೆಣಸು ವ್ಯಾಪಾರಕ್ಕೆ ಇಟ್ಟ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದೊಂದೇ ತೋಟೆ ತೂಗಿ ಬರೆದೆ. ಎರಡು ವಾರ ಬರೆದ ಮೇಲೆ ಬುದ್ಧಿ ಬಂತು. ಒಳಗಿನ ಚರೆ, ಅಂದರೆ ಸಣ್ಣ ಗುಂಡುಗಳೇ, 30 ಗ್ರಾಂ ಆಸುಪಾಸು, ಮದ್ದು ಎರಡು ಗ್ರಾಮಿನ ಒಳಗೆ. ನಾಲ್ಕು ಚರೆ ಜಾಸ್ತಿ ಬಿದ್ದರೆ ತೂಕ ಏರುತ್ತದೆ, ಮದ್ದು ಕಡಿಮೆ ಬಿದ್ದದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ಹೊರಗಿನಿಂದ ತೂಗಿ ಒಳಗಿನ ಮದ್ದು ಅಳೆಯಲು ಆಗದು. ಬಿಚ್ಚಿ ನೋಡು ಅಂದವರೂ ಇದ್ದರು. ಅದಕ್ಕೆ ನಾನು ಕೈಹಾಕಲಿಲ್ಲ, ನೀವೂ ಹಾಕಬೇಡಿ. ಆ ಪುಟಗಳು ದಂಡ.

ದಂಡವಾಗದೇ ಇದ್ದದ್ದು ಕಾಗದಕ್ಕೆ ಹೊಡೆದು ನೋಡಿದ್ದು. ನ್ಯೂಸ್‌ಪೇಪರ್ ಹಾಳೆ ಅಂಟಿಸಿ, 40 ಗಜ ದೂರದಲ್ಲಿ ಕಟ್ಟಿ, ಹೊಡೆದ ಮೇಲೆ ಸುಮಾರು 75 ಸೆಂಟಿಮೀಟರ್ ಅಗಲದ ಸುತ್ತು ಎಳೆದು ಒಳಗೆ ಎಷ್ಟು ತೂತು ಬಿದ್ದವು ಅಂತ ಎಣಿಸುವುದು. ಮಕ್ಕಳನ್ನು ಎಣಿಸಲು ಕೂರಿಸಿದೆ. ಇಲ್ಲಿ ಹೊಸ ತೋಟೆ ಹಳೆಯದಕ್ಕಿಂತ ಒಳ್ಳೆಯದೇ. ಚರೆಯನ್ನು ಹಿಡಿದಿಡುವ ಪ್ಲಾಸ್ಟಿಕ್ ಬಟ್ಟಲು ಇರುವವು ಗುಂಪಾಗಿ ಬೀಳುತ್ತವೆ, ರಟ್ಟಿನ ಬಿಲ್ಲೆ ಇರುವವು ಚೆದುರುತ್ತವೆ. ಆದರೆ ಒಂದೇ ಡಬ್ಬಿಯ ಐದು ತೋಟೆ ಐದು ಥರ ಬಿದ್ದದ್ದೂ ಉಂಟು. ಗುಣಮಟ್ಟ ಇಳಿದಿದೆಯಾ ಅಂತ ಕೇಳುವವರು ಇದನ್ನು ನೋಡಬೇಕು. ಹಾರುತ್ತಾ ಇಲ್ಲವಾ ಅನ್ನುವುದು ಒಂದು, ಒಂದರ ಹಾಗೆ ಇನ್ನೊಂದು ಹಾರುತ್ತಾ ಅನ್ನುವುದು ಬೇರೆಯೇ. ನನ್ನ ತಕರಾರು ಇರುವುದು ಎರಡನೆಯದರ ಮೇಲೆ.

ಹಾರದ ತೋಟೆಗಿಂತ ನನ್ನನ್ನು ಹೆದರಿಸಿದ್ದು ಅರ್ಧ ಹಾರಿದ ತೋಟೆ. 2022ರ ಹುತ್ತರಿಗೆ ಎರಡು ದಿನ ಮೊದಲು, ಕಾಗದಕ್ಕೆ ಹೊಡೆಯುತ್ತಿದ್ದೆವು. ತಮ್ಮನ ಈಡು ‘ಢಂ’ ಅನ್ನುವ ಬದಲು ‘ಪುಸ್’ ಅಂತು, ಸೈಕಲ್ ಟ್ಯೂಬ್ ಬಿಟ್ಟ ಹಾಗೆ. ಅವನು ನಗುತ್ತಾ ಕೋವಿಯನ್ನು ನಡುವೆ ಬಗ್ಗಿಸಿ ತೆರೆದು, ಖಾಲಿ ತೆಗೆದು, ಹೊಸ ತೋಟೆ ಹಾಕಿ ಎತ್ತಿಯೇಬಿಟ್ಟ. ನಾನು ಕಿರುಚಿದೆ. ಎರಡೂ ತೋಟೆ ತೆಗೆಸಿ ನಳಿಕೆಯನ್ನು ಆಕಾಶಕ್ಕೆ ಹಿಡಿದು ನೋಡಿದರೆ ಬಲಗಡೆ ಬೆಳಕೇ ಇಲ್ಲ. ಪ್ಲಾಸ್ಟಿಕ್ ಬಟ್ಟಲು ನಡುವೆ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಈಡು ಹೋಗಿದ್ದರೆ ನಳಿಕೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಕೊಳ್ಳುತ್ತಿತ್ತು. ತಮ್ಮನ ಎಡಗೈ ಇದ್ದದ್ದು ಅಲ್ಲೇ. ಆ ತೋಟೆ ಸ್ಟೀಲ್ ಡಬ್ಬಿಯದು, ಒಣಗಿದ್ದದ್ದು, ಹೊಸದು. ಅದಕ್ಕೆ ಮಳೆಯ ನೆಪವಿಲ್ಲ. ಲಾಟ್ ನಂಬರ್ ಬರೆದುಕೊಂಡು ಅಂಗಡಿಗೆ ಹೋದೆ. ಅವರು ಚೀಟಿ ನೋಡಿ ಡ್ರಾಯರಿಗೆ ಹಾಕಿಕೊಂಡರು, ಅಷ್ಟೇ.

ಐದು ವರ್ಷದಲ್ಲಿ ಪುಸ್ತಕದಲ್ಲಿ 19 ಹಾರದ ತೋಟೆ ಸೇರಿದವು. ಎಂಟಕ್ಕೆ ಕೋವಿ ಕಾರಣ, ಬೇರೆ ಕೋವಿಯಲ್ಲಿ ಹಾರಿದವು. ಇನ್ನು ಏಳು ತೋಟೆ, ಮಳೆಗಾಲವನ್ನು ಸ್ಟೀಲ್ ಡಬ್ಬಿಯ ಹೊರಗೆ ಕಳೆದವು. ನಾಲ್ಕಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಆ ‘ಪುಸ್’ ಬೇರೆ. ನಾಲ್ಕನ್ನೂ ಕಾರ್ಖಾನೆಯ ತಲೆಗೇ ಕಟ್ಟುತ್ತೇನೆ. ಹಾಗಂತ ಹಿಂದಿಗಿಂತ ಕಾರ್ಖಾನೆ ಕೆಟ್ಟಿತು ಅಂತ ಇದರಿಂದ ಹೇಳಬಹುದಾ? ಮಗಳು ಸ್ಟ್ಯಾಟಿಸ್ಟಿಕ್ಸ್ ಓದುತ್ತಾಳೆ, ಅವಳ ಮುಂದೆ ಪುಸ್ತಕ ಇಟ್ಟೆ. “ಪಪ್ಪಾ, ನೂರು ಹೊಡೆದು ನೂರೂ ಹಾರಿದ್ರೂ, ನೂರಕ್ಕೆ ಮೂರು ಕೆಟ್ಟದ್ದು ಇರಬಹುದು ಅನ್ನೋದನ್ನ ತಳ್ಳಿಹಾಕೋಕೆ ಆಗಲ್ಲ,” ಅಂದಳು. ಮಾವನ ಅಪ್ಪ ವರ್ಷಕ್ಕೆ ಹತ್ತಿಪ್ಪತ್ತು ಈಡು ಹೊಡೆದಿರಬಹುದು. ‘ಒಂದು ಸಲಾನೂ ಮೋಸ ಮಾಡ್ಲಿಲ್ಲ’ ಅನ್ನುವ ಮಾತಿಗೆ ಎಷ್ಟು ತೂಕ ಅಂತ ಆಗ ಗೊತ್ತಾಯಿತು.

ಕಾರ್ಖಾನೆಗೂ ಇದೇ ಕಷ್ಟ. ಬಲ್ಬ್ ಆದರೆ ಹೊತ್ತಿಸಿ ನೋಡಿ ಡಬ್ಬಿಗೆ ಹಾಕಬಹುದು. ತೋಟೆಯನ್ನು ಹಾರಿಸಿ ನೋಡಿದರೆ ಮಾರಲು ಏನೂ ಉಳಿಯುವುದಿಲ್ಲ. ಲಾಟಿನಿಂದ ಕೆಲವನ್ನು ತೆಗೆದು ಹೊಡೆದು ನೋಡುತ್ತಾರೆ, ಅನ್ನ ಬೆಂದಿದೆಯಾ ಅಂತ ಒಂದಗುಳು ಹಿಚುಕಿದ ಹಾಗೆ. ಅನ್ನ ಒಂದೇ ಪಾತ್ರೆಯಲ್ಲಿ ಬೇಯುತ್ತದೆ, ತೋಟೆಯೊಂದೊಂದಕ್ಕೂ ಮದ್ದು ಬೇರೆ ಬೇರೆ ಬೀಳುತ್ತದೆ. ಅವಸರ ಬಿದ್ದಾಗ ಮೊದಲು ಹೋಗುವುದು ಈ ಹಿಚುಕುವ ಕೆಲಸವೇ. 1916ರಲ್ಲಿ ಫ್ರಾನ್ಸಿನ ಸೋಮ್ ಕದನಕ್ಕೆ ಮೊದಲು ಬ್ರಿಟಿಷರು ಒಂದು ವಾರದಲ್ಲಿ ಸುಮಾರು 15 ಲಕ್ಷ ಫಿರಂಗಿ ಗುಂಡು ಹಾರಿಸಿದರು. ಅದರಲ್ಲಿ ನೂರಕ್ಕೆ ಮೂವತ್ತರಷ್ಟು ಸಿಡಿಯಲೇ ಇಲ್ಲ ಎಂಬ ಅಂದಾಜಿದೆ, ಅಲ್ಲಿನ ರೈತರ ನೇಗಿಲಿಗೆ ಇವತ್ತಿಗೂ ಸಿಗುತ್ತವೆ. ಫಿರಂಗಿ ಗುಂಡಿಗೂ ನಮ್ಮ ತೋಟೆಗೂ ಸಂಬಂಧವಿಲ್ಲ, ನಿಜ. ಆದರೆ ಹಳೇ ಕಾಲದ ಇಂಗ್ಲಿಷ್ ಮಾಲು ಅಂತ ಮಾವ ಕಣ್ಣು ಮುಚ್ಚಿಕೊಂಡು ಹೇಳುವಾಗ ನಾನು ಇದನ್ನು ತೆಗೆಯುತ್ತೇನೆ.

ಈಗ ನಾನು ಮಾಡುವುದಿಷ್ಟೇ. ಡಬ್ಬಿ ಮನೆಗೆ ಬಂದ ದಿನವೇ ತಾರೀಕು ಬರೆಯುತ್ತೇನೆ, ಹಳೆಯದು ಮೊದಲು ಖಾಲಿಯಾಗಬೇಕು. ಸ್ಟೀಲ್ ಡಬ್ಬಿ, ಒಳಗೋಡೆಯ ಕಪಾಟು, ಬೀಗ. ಹಬ್ಬಕ್ಕೆ ಮೊದಲು ಒಂದೊಂದನ್ನೂ ಖಾಲಿ ನಳಿಕೆಗೆ ಇಳಿಸಿ ತೆಗೆಯುತ್ತೇನೆ, ಬಿಗಿಯಾದದ್ದು, ತುಕ್ಕು ಹಿಡಿದದ್ದು ಪಕ್ಕಕ್ಕೆ. ‘ಟಿಕ್’ ಅಂದರೆ ಕೋವಿ ಗುರಿಯ ಕಡೆಗೇ ಇಟ್ಟು ಮೂವತ್ತು ಎಣಿಸುತ್ತೇನೆ, ತಡವಾಗಿ ಹಾರುವುದುಂಟು. ಸದ್ದು ಮಂದವಾದರೆ ಅಲ್ಲಿಗೇ ನಿಲ್ಲಿಸಿ ನಳಿಕೆಯಲ್ಲಿ ಬೆಳಕು ನೋಡುತ್ತೇವೆ. ಈ ಕೊನೆಯದು ನಮ್ಮನೆಯಲ್ಲಿ ಮಕ್ಕಳಿಗೂ ಬಾಯಿಪಾಠ.

ಹೋದ ಕೈಲ್ ಪೊಳ್ದ್‌ಗೆ ಮಾವನ ಕೋವಿ ಒಂದು ಸಲ ‘ಟಿಕ್’ ಅಂತು. ನಾನು ಬಾಯಿ ಬಿಡಲಿಲ್ಲ. ಮೂವತ್ತು ಎಣಿಸಿದರು, ತೋಟೆ ತೆಗೆದರು, ಕನ್ನಡಕ ಹಾಕಿಕೊಂಡು ಕೇಪಿನ ಗುಳಿ ನೋಡಿದರು. “ಈಗಿನ ತೋಟೆ...” ಅಂತ ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದರು. ಸಂಜೆ ಹೊರಡುವಾಗ ಅತ್ತೆಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು. “ಆ ಚಪ್ಪಲಿ ಡಬ್ಬಿ ಪೊಟ್ಟಣ ನಾಲ್ಕು ಇದ್ರೆ ಕೊಡು.”